ಅಮೆರಿಕನ್ ಫುಟ್‌ಬಾಲ್ ಕೋಚ್‌ನ ಜಾತಕ ಓದುವುದು ಹೇಗೆ?

ಅಮೆರಿಕದಲ್ಲಿ ಭಾನುವಾರ ಸಂಜೆ ಶುರುವಾಗುವ ಸೂಪರ್ ಬೌಲ್, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗ್‌ನ ಫೈನಲ್, ನಮಗೆ ಸೋಮವಾರ ಬೆಳಗಿನ ಐದಕ್ಕೆ ಸಿಗುತ್ತದೆ. ಮಗನೋ ಮಗಳೋ ಅಲ್ಲಿರುವ ಮನೆಗಳಲ್ಲಿ ಕಾಫಿ ಹಿಡಿದು ಇದನ್ನು ನೋಡುವವರಿದ್ದಾರೆ. ಆಟದ ನಿಯಮ ಹೇಗೋ ಕಲಿತುಬಿಡುತ್ತಾರೆ. ಕೋಚ್ ವಿಷಯ ಬಂದಾಗ ಮಾತ್ರ ಎಡವಟ್ಟು. ಒಬ್ಬರು ‘ಬೆಲಿಚಿಕ್ ಆರು ಕಪ್ ಗೆದ್ದಿದ್ದಾನೆ, ಅವನ ಸಮ ಯಾರೂ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಬ್ರೇಡಿಯಂಥ ಆಟಗಾರ ಇದ್ದ, ಗೆದ್ದ, ಅಷ್ಟೇ’ ಎನ್ನುತ್ತಾರೆ. ಇಬ್ಬರೂ ಲೆಕ್ಕ ಮಾಡಿರುವುದಿಲ್ಲ.

ಲೆಕ್ಕ ಕಲಿಯಲು ಬಿಲ್ ಬೆಲಿಚಿಕ್ ಅವರ ವೃತ್ತಿಯೇ ಒಳ್ಳೆಯದು. ಇವರದು ಬಿಡಿಸಲು ಬಂದರೆ ಬೇರೆ ಯಾರದೂ ಬರುತ್ತದೆ.

ಒಂದು ಹಾಳೆಯಲ್ಲಿ ವರ್ಷ, ತಂಡ, ಹುದ್ದೆ ಎಂದು ಮೂರು ಗೆರೆ ಎಳೆಯಿರಿ. ಪೆನ್ಸಿಲ್ಲೇ ಇರಲಿ, ಅಳಿಸುವುದು ಜಾಸ್ತಿ ಇರುತ್ತದೆ. 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್, ವಾರಕ್ಕೆ 25 ಡಾಲರ್ ಸಂಬಳ. ಆಮೇಲೆ ಡೆಟ್ರಾಯಿಟ್, ಡೆನ್ವರ್. 1979ರಿಂದ 1990ರವರೆಗೆ ನ್ಯೂಯಾರ್ಕ್ ಜೈಂಟ್ಸ್.

ಹುದ್ದೆಯ ಗೆರೆಯನ್ನು ಖಾಲಿ ಬಿಡಬೇಡಿ. ಜೈಂಟ್ಸ್‌ನಲ್ಲಿ ಅವರು ಹೆಡ್ ಕೋಚ್ ಅಲ್ಲ. 1983ರಿಂದ ಹೆಡ್ ಕೋಚ್ ಬಿಲ್ ಪಾರ್ಸೆಲ್ಸ್. ಪಾರ್ಸೆಲ್ಸ್ ಕೈಕೆಳಗೆ ರಕ್ಷಣೆಯ ಭಾಗ ನೋಡಿಕೊಂಡವರು ಬೆಲಿಚಿಕ್. ಅಲ್ಲಿ ಎರಡು ಸೂಪರ್ ಬೌಲ್ ಬಂದವು. ಅದಕ್ಕೇ ಕೆಲವರು ಆರು ಎಂದರೆ ಕೆಲವರು ಎಂಟು ಎನ್ನುವುದು. ಎರಡೂ ಸರಿ, ಯಾವ ಹುದ್ದೆಯಲ್ಲಿ ಎಂದು ಹೇಳಿದರೆ.

ವರ್ಷದ ಗೆರೆಯಲ್ಲೂ ಒಂದು ಹಳ್ಳ ಇದೆ. ಸೀಸನ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮುಂದಿನ ವರ್ಷ ಮುಗಿಯುತ್ತದೆ. 2000ದಿಂದ 2023ರವರೆಗೆ ಅವರು ಹೆಡ್ ಕೋಚ್ ಆಗಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೊದಲ ಕಪ್ ಗೆದ್ದದ್ದು 2002ರ ಫೆಬ್ರುವರಿ 3ರಂದು, ಆದರೆ ಅದು 2001ರ ಸೀಸನ್. ಒಂದೇ ಕಪ್ಪನ್ನು ಎರಡು ಸಲ ಬರೆದುಕೊಂಡವರನ್ನು ನೋಡಿದ್ದೇನೆ. ಸೀಸನ್‌ನ ವರ್ಷವನ್ನೇ ಬರೆಯಿರಿ: 2001, 2003, 2004, 2014, 2016, 2018.

ಈಗ ಗೆಲುವು-ಸೋಲು. ಲೀಗ್ ಪಂದ್ಯ ಬೇರೆ, ಪ್ಲೇಆಫ್ ಬೇರೆ. ಲೀಗ್‌ನಲ್ಲಿ 302 ಗೆಲುವು, 165 ಸೋಲು. ಪ್ಲೇಆಫ್‌ನಲ್ಲಿ 31 ಗೆಲುವು, 13 ಸೋಲು. ಗೆಲುವು ಒಟ್ಟು 333. ಹಳೆಯ ಕೋಚ್ ಡಾನ್ ಶೂಲಾ ಅವರ 347ರ ದಾಖಲೆಗೆ 14 ಕಡಿಮೆ.

ಇಲ್ಲಿಯವರೆಗೆ ಸುಲಭ. ಜನ ಕೈಸುಟ್ಟುಕೊಳ್ಳುವುದು ಮುಂದಿನ ಹಂತದಲ್ಲಿ, ಆಟಗಾರನ ಪಾಲನ್ನು ಬೇರೆ ಮಾಡುವಾಗ.

ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಟಾಮ್ ಬ್ರೇಡಿ ಇವರ ಕೈಕೆಳಗೆ ಆರಂಭಿಸಿದ ಲೀಗ್ ಪಂದ್ಯಗಳಲ್ಲಿ 219 ಗೆಲುವು, 64 ಸೋಲು. ಅದನ್ನು ಕಳೆಯಿರಿ. ಉಳಿಯುವುದು 83 ಗೆಲುವು, 101 ಸೋಲು. ‘ನೋಡಿದ್ರಾ!’ ಎಂದು ಎಲ್ಲರೂ ಪೆನ್ಸಿಲ್ ಕೆಳಗಿಡುವುದು ಇಲ್ಲೇ. ಇಡಬೇಡಿ. ಆ 83-101ನ್ನೂ ಬಿಡಿಸಬೇಕು.

ಅದರಲ್ಲಿ 36-44 ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನದು, 1991ರಿಂದ 1995. ಅಲ್ಲಿ 1994ರಲ್ಲಿ 11-5 ಮಾಡಿದ್ದರು. ಮರುವರ್ಷ ಸೀಸನ್ ನಡುವೆಯೇ ಮಾಲೀಕರು ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಸಾರಿದರು. ಊರೇ ತಂಡದ ಮೇಲೆ ಸಿಟ್ಟಾಯಿತು, ಸೀಸನ್ 5-11ಕ್ಕೆ ಮುಗಿಯಿತು. ಇದನ್ನು ಪೂರ್ತಿ ಕೋಚ್ ತಲೆಗೆ ಕಟ್ಟುವುದು ನ್ಯಾಯವಾ?

ಉಳಿದ 47-57 ಪೇಟ್ರಿಯಟ್ಸ್‌ನದು. 2000ದಲ್ಲಿ 5-11. 2001ರ ಮೊದಲ ಎರಡು ಪಂದ್ಯ ಆಗಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್‌ಸೋ ಆರಂಭಿಸಿ ಸೋತದ್ದು. 2008ರಲ್ಲಿ 10-5. ಆ ವರ್ಷ ತಂಡದ ಲೆಕ್ಕ 11-5 ಎಂದಿರುತ್ತದೆ, ಗಾಬರಿಯಾಗಬೇಡಿ. ಮೊದಲ ಪಂದ್ಯ ಆರಂಭಿಸಿದ್ದು ಬ್ರೇಡಿ. ಮೊಣಕಾಲು ಪೆಟ್ಟಾಗಿ ಹೊರಹೋದರೂ ಗೆಲುವು ಅವರ ಖಾತೆಗೇ ಹೋಗುತ್ತದೆ. ಉಳಿದದ್ದನ್ನು ಆಡಿದ್ದು ಮ್ಯಾಟ್ ಕ್ಯಾಸೆಲ್. 2016ರಲ್ಲಿ ಬ್ರೇಡಿಗೆ ನಾಲ್ಕು ಪಂದ್ಯ ನಿಷೇಧ, 3-1. ಬ್ರೇಡಿ ತಂಡ ಬಿಟ್ಟ ಮೇಲೆ 2020ರಿಂದ 2023ರವರೆಗೆ 29-38. ಕೂಡಿ ನೋಡಿ, ಸರಿಹೋಗುತ್ತದೆ.

ಈಗ ಗೊತ್ತಾಯಿತಲ್ವಾ? ಬದಲಿ ಆಟಗಾರನನ್ನು ಇಟ್ಟುಕೊಂಡು ಒಂದು ಸೀಸನ್ ದಾಟಿಸುವುದು ಇವರಿಗೆ ಬರುತ್ತಿತ್ತು. ಬ್ರೇಡಿ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದು ಬರಲಿಲ್ಲ. ಆಟಗಾರರ ಆಯ್ಕೆಯಲ್ಲೂ ಕೊನೆಯ ಮಾತು ಇವರದೇ ಇತ್ತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2000ದಲ್ಲಿ, 199ನೆಯವರಾಗಿ ಬ್ರೇಡಿಯನ್ನು ಆರಿಸಿಕೊಂಡ ಶ್ರೇಯ ಕೊಡುವುದಾದರೆ, 2023ರ 4-13ರ ಹೊಣೆಯನ್ನೂ ಅದೇ ಗೆರೆಯಲ್ಲಿ ಬರೆಯಿರಿ.

ಇಷ್ಟೆಲ್ಲ ಯಾಕೆ, ‘ಟಾಪ್ 10 ಕೋಚ್‌ಗಳು’ ವಿಡಿಯೊ ಸಾಕಲ್ವಾ ಎನ್ನಬೇಡಿ. ಅದರಲ್ಲಿ ಕಪ್ ಎಣಿಸಿ ಹಿಂದೆ ಡೋಲು ಬಾರಿಸುತ್ತಾರೆ, ಅಷ್ಟೇ. ಕೋಚ್‌ಗಳ ಗುರು-ಶಿಷ್ಯ ವಂಶವೃಕ್ಷದ ಪೋಸ್ಟರ್‌ಗಳು ಇನ್ನೂ ಕಳಪೆ. ಒಂದು ವರ್ಷ ಜೊತೆಗೆ ಕೆಲಸ ಮಾಡಿದವನಿಗೂ ಬಾಣ ಎಳೆದು ಶಿಷ್ಯ ಎಂದುಬಿಡುತ್ತಾರೆ.

ಇನ್ನು ಎರಡು ಸಣ್ಣ ಕೆಲಸ. 2007ರಲ್ಲಿ ಎದುರಾಳಿ ಕೋಚ್‌ಗಳ ಕೈಸನ್ನೆಯನ್ನು ಚಿತ್ರೀಕರಿಸಿದ್ದಕ್ಕೆ ಇವರಿಗೆ 5 ಲಕ್ಷ ಡಾಲರ್ ದಂಡ ಬಿತ್ತು, ಡ್ರಾಫ್ಟ್‌ನಲ್ಲಿ ತಂಡದ ಮೊದಲ ಸುತ್ತಿನ ಆಯ್ಕೆಯೂ ಹೋಯಿತು. ಕೆಂಪು ಪೆನ್ನಲ್ಲಿ ಬರೆಯಿರಿ, ಹಾಳೆಯನ್ನೇ ಹರಿಯಬೇಡಿ. 2000ದ ಜನವರಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ಹೆಡ್ ಕೋಚ್ ಎಂದು ಪರಿಚಯಿಸಬೇಕಿದ್ದ ದಿನವೇ ರಾಜೀನಾಮೆ ಕೊಟ್ಟರು. ಒಂದೂ ಪಂದ್ಯವಿಲ್ಲದ ಆ ಸಾಲನ್ನು ಅಳಿಸಬೇಡಿ. ಪೇಟ್ರಿಯಟ್ಸ್ ಇವರಿಗಾಗಿ ಜೆಟ್ಸ್‌ಗೆ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಟ್ಟಿದ್ದು ಅದರಿಂದಲೇ.

ಕೊನೆಗೆ ಹೊಸ ಹಾಳೆ ತೆಗೆಯಿರಿ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕಾಲೇಜು ತಂಡಕ್ಕೆ ಕೋಚ್ ಆದದ್ದನ್ನು ಹಳೆಯ 333ಕ್ಕೆ ಸೇರಿಸುವಂತಿಲ್ಲ. ಅಲ್ಲಿನ ಮೊದಲ ಸಾಲು: 2025, 4-8.