ಸ್ಟರ್ನ್‌ಡ್ರೈವ್‌ನಲ್ಲಿ ಎರಡು ಸೋರಿಕೆಗಳು: ನನ್ನ ಅನುಭವ

ಅಟ್ಲಾಂಟಾ ನಗರದ ಉತ್ತರಕ್ಕೆ, ಚಟ್ಟಹೂಚಿ ನದಿಗೆ ಬ್ಯೂಫೋರ್ಡ್ ಅಣೆಕಟ್ಟು ಕಟ್ಟಿದ್ದರಿಂದ ಉಂಟಾದ ಲೇನಿಯರ್ ಸರೋವರದಲ್ಲಿ ನಮ್ಮ ಕುಟುಂಬದ ಹಳೆಯ ದೋಣಿಯೊಂದಿದೆ. ಬೇಸಿಗೆಯಲ್ಲಿ ಅದು ದೋಣಿ ನಿಲ್ಲಿಸುವ ಕಟ್ಟೆಯ ಪಕ್ಕದಲ್ಲಿ ನೀರಿನಲ್ಲೇ ತೇಲುತ್ತಿರುತ್ತದೆ. ಚಳಿಗಾಲದಲ್ಲಿ ಟ್ರೇಲರ್ ಮೇಲೆ ಮನೆಗೆ ಬರುತ್ತದೆ. ಅದರ ಎಂಜಿನ್ ದೋಣಿಯ ಒಳಗಿದ್ದು, ಗೇರುಗಳು ಮತ್ತು ಪ್ರೊಪೆಲ್ಲರ್ ಇರುವ ಕಾಲು ಹಿಂಗೋಡೆಯ ಹೊರಗಿದೆ. 1959ರಲ್ಲಿ ವೋಲ್ವೋ ಪೆಂಟಾ ಸಂಸ್ಥೆ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ಸ್ಟರ್ನ್‌ಡ್ರೈವ್ ವ್ಯವಸ್ಥೆ ಬಹಳ ಜಾಣತನದ್ದು. ಆದರೆ ಎಂಜಿನ್ನಿನ ಶಕ್ತಿಯನ್ನು ಹೊರಗಿನ ಕಾಲಿಗೆ ಮುಟ್ಟಿಸಲು ಹಿಂಗೋಡೆಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ದೊಡ್ಡದೊಂದು ಕಂಡಿ ಕೊರೆಯಲೇಬೇಕು. ಆ ಕಂಡಿಯ ಮೂಲಕ ನೀರು ಬಾರದಂತೆ ತಡೆಯುವುದು ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ಒಂದು ರಬ್ಬರ್ ಕೊಳವೆ. ಇಲ್ಲಿ ಎಲ್ಲರೂ ಅದನ್ನು ಬೆಲೋಸ್ ಎಂದೇ ಕರೆಯುತ್ತಾರೆ.

ಒಂದು ಬೇಸಿಗೆಯ ಕೊನೆಗೆ ಎರಡು ಲಕ್ಷಣಗಳು ಒಟ್ಟಿಗೇ ಕಾಣಿಸಿಕೊಂಡವು. ದೋಣಿಯ ತಳಭಾಗದಲ್ಲಿ, ಅಂದರೆ ಬಿಲ್ಜಿನಲ್ಲಿ, ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ದೋಣಿ ಸುಮ್ಮನೆ ನಿಂತಿದ್ದಾಗಲೂ ಆಗಾಗ ತಾನಾಗಿ ಓಡತೊಡಗಿತು; ಡ್ರೈವಿನ, ಅಂದರೆ ಹೊರಗಿನ ಆ ಕಾಲಿನ, ಗೇರ್ ಆಯಿಲ್ ಇಳಿಸಿ ನೋಡಿದಾಗ ಅದು ನೀರು ಸೇರಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬೆಲೋಸ್ ಹರಿದಿದೆ, ಅದೇ ನೀರು ಎರಡೂ ಕಡೆಗೆ ಹೋಗುತ್ತಿದೆ ಎಂದು ನಾನು ತೀರ್ಮಾನಿಸಿ ಬಿಡಿಭಾಗಗಳನ್ನೂ ತರಿಸಿಬಿಟ್ಟೆ. ಆ ತೀರ್ಮಾನ ತಪ್ಪಾಗಿತ್ತು. ಬೆಲೋಸ್ ಒಳಗಿನ ಜಾಗ ಒಣಗಿರಬೇಕಾದ ಕೋಣೆ. ಅದರಲ್ಲಿ ಎಣ್ಣೆ ಇರುವುದಿಲ್ಲ, ಅದಕ್ಕೂ ಗೇರುಪೆಟ್ಟಿಗೆಗೂ ನಡುವೆ ಶಾಫ್ಟಿನ ಸೀಲ್ ಇರುತ್ತದೆ. ದೋಣಿಯೊಳಗಿನ ನೀರು, ಬೆಲೋಸ್ ಒಳಗಿನ ನೀರು, ಗೇರ್ ಆಯಿಲಿನೊಳಗಿನ ನೀರು ಇವು ಮೂರಕ್ಕೂ ಬೇರೆ ಬೇರೆ ದಾರಿಗಳಿವೆ ಎಂದು ತಿಳಿದುಕೊಂಡು, ಒಂದೊಂದನ್ನೇ ಪ್ರತ್ಯೇಕವಾಗಿ ಹುಡುಕಿದ ಮೇಲೆಯೇ ನನಗೆ ನಿಜವಾದ ಕಾರಣಗಳು ಸಿಕ್ಕಿದವು.

ಮೊದಲು ದೋಣಿಯೊಳಗಿನ ನೀರನ್ನು ಹಿಡಿದೆ. ದೋಣಿಯನ್ನು ಟ್ರೇಲರ್ ಮೇಲಿಟ್ಟು, ಡ್ರೈವಿನ ಎರಡೂ ಬದಿಗಳಲ್ಲಿರುವ ನೀರು ಹೀರುವ ಕಿಂಡಿಗಳಿಗೆ ರಬ್ಬರ್ ಬಟ್ಟಲುಗಳನ್ನು ಸಿಕ್ಕಿಸಿ, ತೋಟದ ಪೈಪಿನಿಂದ ನೀರು ಹಾಯಿಸುತ್ತ ಎಂಜಿನ್ನನ್ನು ಹದಿನೈದು ನಿಮಿಷ ಓಡಿಸಿದೆ. ಆಗ ಬಿಲ್ಜಿನಲ್ಲಿ ನೀರು ಕಾಣಿಸಿದ್ದರೆ ದೋಷ ತಂಪುಗೊಳಿಸುವ ನೀರಿನ ಹಾದಿಯಲ್ಲಿದೆ, ಅಂದರೆ ಹೋಸ್ ಪೈಪು, ಪಂಪು ಅಥವಾ ಚಳಿಗೆ ಬಿರುಕುಬಿಟ್ಟ ಎರಕದ ಭಾಗದಲ್ಲಿದೆ ಎಂದರ್ಥ. ಒಂದು ಹನಿಯೂ ಬರಲಿಲ್ಲ. ಅನಂತರ ಬಿಲ್ಜನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಹಿಂಗೋಡೆಯ ಒಳಮೈಗೆ ಟಾಲ್ಕಂ ಪೌಡರ್ ಬಳಿದು, ದೋಣಿಯನ್ನು ಸರೋವರಕ್ಕಿಳಿಸಿ ಎಂಜಿನ್ ಹಚ್ಚದೆ ಟಾರ್ಚ್ ಹಿಡಿದು ಕುಳಿತೆ. ಸುಮಾರು ಅರ್ಧ ಗಂಟೆಯಲ್ಲಿ ಪೌಡರಿನ ಮೇಲೆ ಒಂದೇ ಒಂದು ತೆಳ್ಳನೆಯ ಗೆರೆ ಮೂಡಿತು. ಅದು ದೊಡ್ಡ ಬೆಲೋಸಿನ ಕಡೆಯಿಂದಲ್ಲ, ಗೇರು ಬದಲಿಸುವ ಶಿಫ್ಟ್ ಕೇಬಲ್ ಒಳಬರುವ ಚಿಕ್ಕ ರಂಧ್ರದಿಂದ ಇಳಿದಿತ್ತು. ಡ್ರೈವನ್ನು ಪೂರ್ತಿ ಕೆಳಗಿಳಿಸಿದಾಗ ಹನಿ ನಿಧಾನವಾಗುತ್ತಿತ್ತು, ಮೇಲೆತ್ತಿದಾಗ ಬಿರುಸಾಗುತ್ತಿತ್ತು. ಮಡಿಕೆ ಹಿಗ್ಗಿದಾಗ ಬಿರುಕು ಬಾಯಿ ತೆರೆಯುತ್ತಿದೆ ಎಂಬುದಕ್ಕೆ ಇದೇ ಗುರುತಾಯಿತು. ಬಿಡಿಭಾಗ ಕೊಳ್ಳುವ ಮೊದಲು ಯಾರಾದರೂ ಮಾಡಲೇಬೇಕಾದ ಪರೀಕ್ಷೆ ಇದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ತಗಲುವುದು ಒಂದು ಮಧ್ಯಾಹ್ನದ ಸಮಯ ಮಾತ್ರ.

ಶಿಫ್ಟ್ ಕೇಬಲ್ ಬೆಲೋಸ್ ಬೆರಳಿಗಿಂತ ಸ್ವಲ್ಪ ದಪ್ಪದ ಕೊಳವೆಯಾದ್ದರಿಂದ ಅನೇಕರು ಅದನ್ನು ಲಕ್ಷಿಸುವುದಿಲ್ಲ. ಆದರೆ ಅದು ಹರಿದರೆ ನೀರು ನೇರವಾಗಿ ದೋಣಿಯೊಳಕ್ಕೇ ಬರುತ್ತದೆ. ಹೊಗೆ ಹೋಗುವ ಎಕ್ಸಾಸ್ಟ್ ಬೆಲೋಸ್ ಹರಿದರೆ ಸದ್ದು ಬದಲಾಗಬಹುದೇ ಹೊರತು ಅದರಿಂದ ದೋಣಿ ಮುಳುಗುವುದಿಲ್ಲ.

ಅದನ್ನು ಬದಲಿಸಲು ಡ್ರೈವನ್ನು ಕಳಚಬೇಕಾಯಿತು. ನಮ್ಮ ಮಾದರಿಯಲ್ಲಿ ಕಳಚುವಾಗಲೂ ಮರಳಿ ಕೂರಿಸುವಾಗಲೂ ಗೇರು ಮುಂದಕ್ಕೆ ಬಿದ್ದಿರಲೇಬೇಕು. ಈ ಒಂದು ಸಂಗತಿ ಮರೆತರೆ ಶಿಫ್ಟಿನ ಕೊಂಡಿಗಳು ಹೊಂದುವುದಿಲ್ಲ. ಆರು ನಟ್ಟುಗಳನ್ನು ಬಿಚ್ಚಿ, ಗೆಳೆಯರೊಬ್ಬರ ನೆರವಿನಿಂದ ಡ್ರೈವನ್ನು ಹಿಂದಕ್ಕೆ ಎಳೆದು ಸ್ಟ್ಯಾಂಡಿನ ಮೇಲಿಟ್ಟೆವು. ದೊಡ್ಡ ಬೆಲೋಸ್ ಒಳಗೆ ಕೈ ಹಾಕಿದಾಗ ಒಣಗಿಯೇ ಇತ್ತು, ಆದರೆ ಮಡಿಕೆಗಳ ತಳದಲ್ಲಿ ರಬ್ಬರ್ ಬಿರುಸಾಗಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡಿದ್ದವು. ಆ ಬಿರುಕುಗಳು ಮಡಿಕೆಯ ಶಿಖರದಲ್ಲಲ್ಲ, ಕಣಿವೆಯಲ್ಲಿ ಹುಟ್ಟುತ್ತವೆ. ಹಾಗಾಗಿ ಕೈಯಿಂದ ಅಗಲಿಸಿ ನೋಡದೆ ಮೇಲುನೋಟಕ್ಕೆ ಸರಿಯಿದೆ ಎನ್ನಲಾಗದು. ಅದರ ಹಿಂದೆ ಶಾಫ್ಟನ್ನು ಹಿಡಿದುಕೊಳ್ಳುವ ಗಿಂಬಲ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿದಾಗ ಮರಳು ಸಿಕ್ಕಿದಂತೆ ಒರಟಾಗಿತ್ತು. ದೋಣಿಯನ್ನು ತಿರುಗಿಸುವಾಗ ಹಿಂದಿನಿಂದ ಗುರುಗುಟ್ಟುವ ಸದ್ದು ಬಂದರೆ ಬಹುಮಟ್ಟಿಗೆ ಈ ಬೇರಿಂಗೇ ಕಾರಣ. ಅದು ತುಕ್ಕು ಹಿಡಿಯುವುದು ಎಂದೋ ಒಮ್ಮೆ ಒಳಬಂದ ನೀರಿನಿಂದ. ಆದ್ದರಿಂದ ಮೂರೂ ಬೆಲೋಸ್‌ಗಳು, ಬೇರಿಂಗು, ಶಿಫ್ಟ್ ಕೇಬಲ್ ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ. ಕೇಬಲಿನ ಹೊರಕವಚ ಸೀಳಿದ್ದರೆ ನೀರು ಕೇಬಲಿನೊಳಗೇ ಹರಿದು ಬರಬಲ್ಲದು, ಹಾಗಾಗಿ ಹೊಸ ಬೆಲೋಸ್‌ಗೆ ಹಳೆಯ ಕೇಬಲನ್ನು ಸಿಕ್ಕಿಸುವುದು ನನಗೆ ಸರಿ ಕಾಣಲಿಲ್ಲ. ಕ್ಲಾಂಪುಗಳೆಲ್ಲವೂ ಸ್ಟೇನ್‌ಲೆಸ್ ಉಕ್ಕಿನವು. ದೊಡ್ಡ ಬೆಲೋಸಿನ ಅಂಚಿಗೆ ಅದಕ್ಕೆಂದೇ ಸಿಗುವ ಅಂಟನ್ನು ಹಚ್ಚಿ, ಬೆರಳಿಗೆ ಸ್ವಲ್ಪ ಅಂಟುವಷ್ಟು ಒಣಗಲು ಬಿಟ್ಟು ಕೂರಿಸಿದೆ. ಕೊನೆಗೆ ಎಂಜಿನ್ನೂ ಬೇರಿಂಗೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡುವ ಅಲೈನ್‌ಮೆಂಟ್ ಸಲಾಕೆಗೆ ಗ್ರೀಸು ಹಚ್ಚಿ ಬೇರಿಂಗಿನ ಮೂಲಕ ಎಂಜಿನ್ನಿಗೆ ಶಾಫ್ಟ್ ಕೂಡುವ ಹಲ್ಲಿನ ಕಪ್ಲರಿಗೆ ತೂರಿಸಿ, ಹಲ್ಲುಗಳ ಗುರುತು ಸುತ್ತಲೂ ಒಂದೇ ಸಮನಾಗಿ ಬಿದ್ದಿದೆಯೇ ಎಂದು ನೋಡಿದೆ. ಈ ಸಾಲು ತಪ್ಪಿದ್ದರೆ ಹೊಸ ಬೇರಿಂಗೂ ಬೇಗನೆ ಹಾಳಾಗುತ್ತದೆ.

ಗೇರ್ ಆಯಿಲಿನೊಳಗಿನ ನೀರಿನ ಮೂಲ ಇದಾವುದಕ್ಕೂ ಸಂಬಂಧಿಸಿರಲಿಲ್ಲ. ಎಣ್ಣೆಯನ್ನು ಪೂರ್ತಿ ಇಳಿಸಿ, ಡ್ರೈವಿನೊಳಕ್ಕೆ ಕೈಪಂಪಿನಿಂದ 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡದ ಗಾಳಿ ತುಂಬಿ ಮಾಪಕವನ್ನು ಗಮನಿಸಿದೆ. ಒತ್ತಡ ಇಳಿಯುತ್ತ ಹೋಯಿತು. ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಹೋದಾಗ ಅದರ ಬುಡದಲ್ಲಿ ಗುಳ್ಳೆಗಳೆದ್ದವು. ಪ್ರೊಪೆಲ್ಲರನ್ನು ತೆಗೆದು ನೋಡಿದರೆ ಮೀನು ಹಿಡಿಯುವ ನೈಲಾನ್ ದಾರ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡು ಸೀಲಿನ ತುಟಿಯನ್ನು ಕತ್ತರಿಸಿತ್ತು. ಅಲ್ಲಿ ಎರಡು ಸೀಲ್‌ಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿರುತ್ತವೆ: ಒಂದು ಒಳಗಿನ ಎಣ್ಣೆಯನ್ನು ತಡೆಯಲು, ಇನ್ನೊಂದು ಹೊರಗಿನ ನೀರನ್ನು ತಡೆಯಲು. ಆದ್ದರಿಂದ ಹೊಸ ಸೀಲ್‌ಗಳನ್ನು ಕೂರಿಸಿದ ಮೇಲೆ ಗಾಳಿಯ ಒತ್ತಡದ ಜೊತೆಗೆ ನಿರ್ವಾತ ಪಂಪಿನಿಂದಲೂ ಪರೀಕ್ಷಿಸಿದೆ. ಒಳಗಿನಿಂದ ತಳ್ಳಿದಾಗ ಮುಚ್ಚಿಕೊಳ್ಳುವ ತುಟಿ ಹೊರಗಿನಿಂದ ಒಳಕ್ಕೆ ಎಳೆದಾಗ ಬಿಟ್ಟುಕೊಡಬಹುದು. ಶಾಫ್ಟಿನ ಮೇಲೆ ಉಗುರು ತಡೆಯುವಂಥ ಗೆರೆ ಬಿದ್ದಿದೆಯೇ ಎಂದೂ ನೋಡಬೇಕು, ಬಿದ್ದಿದ್ದರೆ ಹೊಸ ಸೀಲ್ ಹೆಚ್ಚು ದಿನ ನಿಲ್ಲದು. ನಮ್ಮದು ನುಣುಪಾಗಿಯೇ ಇತ್ತು.

ಈಗ ಪ್ರತಿ ಶರತ್ಕಾಲದಲ್ಲಿ ದೋಣಿ ಒಂದು ರಾತ್ರಿ ಅಲುಗದೆ ನಿಂತ ಮೇಲೆ ಡ್ರೈವಿನ ಕೆಳಗಿನ ತಿರುಪನ್ನು ಸ್ವಲ್ಪವೇ ಸಡಿಲಿಸುತ್ತೇನೆ. ನೀರು ಎಣ್ಣೆಗಿಂತ ಭಾರವಾದ್ದರಿಂದ, ಎಣ್ಣೆಯಲ್ಲಿ ಕಲಸಿಹೋಗದೆ ಉಳಿದ ನೀರು ಇದ್ದರೆ ಮೊದಲು ಅದೇ ಹೊರಬರುತ್ತದೆ. ಇದನ್ನು ವಸಂತಕ್ಕೆ ಮುಂದೂಡಬಾರದು. ಜಾರ್ಜಿಯಾದ ಚಳಿ ಸೌಮ್ಯವೆನಿಸಿದರೂ ಕೆಲವು ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ, ಒಳಗೆ ನಿಂತ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಗೇರುಪೆಟ್ಟಿಗೆಯೇ ಸೀಳಬಹುದು. ತಿರುಪಿನ ವಾಷರುಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕಿ, ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ತುಂಬುತ್ತೇನೆ. ಪ್ರೊಪೆಲ್ಲರನ್ನು ಋತುವಿನ ನಡುವೆ ಎರಡು ಮೂರು ಸಲವಾದರೂ ಬಿಚ್ಚಿ ದಾರ ಸುತ್ತಿದೆಯೇ ಎಂದು ನೋಡುತ್ತೇನೆ. ದೋಣಿ ನಿಂತಿರುವಾಗ ಡ್ರೈವನ್ನು ಕೆಳಗಿಳಿಸಿಯೇ ಇಡುತ್ತೇನೆ, ಆಗ ಬೆಲೋಸಿನ ಮಡಿಕೆಗಳು ಹಿಗ್ಗದೆ ಸಹಜ ಸ್ಥಿತಿಯಲ್ಲಿರುತ್ತವೆ.

ಇನ್ನೊಂದು ಬದಲಾವಣೆ ಬಿಲ್ಜ್ ಪಂಪಿನದು. ತಾನಾಗಿ ಓಡುವ ಪಂಪು ಸೋರಿಕೆಯನ್ನು ಮರೆಮಾಚುತ್ತದೆ. ಬ್ಯಾಟರಿ ಇಳಿದ ದಿನ ದೋಣಿ ಕಟ್ಟೆಯಲ್ಲೇ ಮುಳುಗುತ್ತದೆ. ಅದಕ್ಕಾಗಿ ಪಂಪು ಎಷ್ಟು ಸಲ ಓಡಿತೆಂದು ಎಣಿಸುವ ಸಣ್ಣ ಕೌಂಟರೊಂದನ್ನು ಸ್ಟಿಯರಿಂಗಿನ ಪಕ್ಕದಲ್ಲಿ ಜೋಡಿಸಿದ್ದೇನೆ. ದೋಣಿ ಹತ್ತಿದ ಕೂಡಲೇ ಅದನ್ನು ಓದಿ, ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆಯುತ್ತೇನೆ. ಈ ಬೇಸಿಗೆಯಲ್ಲಿ ಜೋರು ಮಳೆ ಸುರಿದ ಎರಡು ವಾರಗಳನ್ನು ಬಿಟ್ಟರೆ ಆ ಅಂಕಿ ಬದಲಾಗಿಲ್ಲ.