ಕುಡಿತ ಬಿಟ್ಟು ಮನೆಗೆ ಬಂದವರ ಮೊದಲ 90 ದಿನ: ರಿಕವರಿ ಕೋಚ್ ಮಾಡಬೇಕಾದ ಕೆಲಸ

ಆಸ್ಪತ್ರೆಯಲ್ಲೋ ಮದ್ಯವರ್ಜನ ಶಿಬಿರದಲ್ಲೋ ಇದ್ದಷ್ಟು ದಿನ ಕುಡಿಯದೆ ಇರುವುದು ಹೇಗೋ ನಡೆದುಹೋಗುತ್ತದೆ. ಅಲ್ಲಿ ಬಾಟಲಿ ಇಲ್ಲ, ಬಟವಾಡೆ ಇಲ್ಲ, ಹಳೇ ಜೊತೆಗಾರರಿಲ್ಲ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲಿನ ಮೊದಲ ಶನಿವಾರ ಸಂಜೆ. ಬಿಟ್ಟವರು ಮತ್ತೆ ಕುಡಿಯದಂತೆ ಜೊತೆಗೆ ನಿಲ್ಲುವ ರಿಕವರಿ ಕೋಚ್‌ನ ಕೆಲಸ ಇರುವುದು ಆ ಸಂಜೆಯಲ್ಲೇ. ನೀವು ಡಾಕ್ಟರಲ್ಲ, ಬುದ್ಧಿ ಹೇಳುವ ಹಿರಿಯರೂ ಅಲ್ಲ. ಕುಡಿದವರಿಗೆ ಬುದ್ಧಿ ಹೇಳಲು ಮನೆಯಲ್ಲಿ, ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಪಾಯದ ಗಂಟೆ ಯಾವುದು ಎಂದು ಅವರ ಜೊತೆ ಕೂತು ಮೊದಲೇ ಪತ್ತೆ ಹಚ್ಚಿ, ಆ ಗಂಟೆಯನ್ನು ಬೇರೆ ಯಾವುದರಿಂದಲಾದರೂ ತುಂಬಿಸುವುದು ನಿಮ್ಮ ಕೆಲಸ.

ಮೊದಲ ಭೇಟಿಯಲ್ಲಿ ಮೊದಲ ಪ್ರಶ್ನೆ ಒಂದೇ: ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು? "ಸ್ವಲ್ಪ" ಎಂಬ ಉತ್ತರವನ್ನು ಹಾಗೇ ಬರೆದುಕೊಳ್ಳಬೇಡಿ. ನೈಂಟಿಯಾ, ಕ್ವಾರ್ಟರಾ, ದಿನಕ್ಕೆ ಎಷ್ಟು ಸಲ ಎಂದು ಕೇಳಿ. 180 ಎಂಎಲ್ ವಿಸ್ಕಿಯ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ದಿನವೂ ಎರಡು ಕ್ವಾರ್ಟರ್ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ ಕಾಣಿಸುತ್ತವೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದವರು ಕಾಣಿಸುವುದು, ಗೋಡೆ ಮೇಲೆ ಹುಳ ಹರಿದಂತಾಗುವುದು, ಬಡಬಡಿಸುವುದು ಶುರುವಾದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ನೋಡೋಣ ಎಂದು ಕಾಯುವಂತಿಲ್ಲ. ಇದನ್ನು ಗಾಳಿ ಸೋಕಿತು ಎಂದುಕೊಂಡು ತಾಯತ ಕಟ್ಟಿಸಲು ಓಡುವ ಮನೆಗಳಿವೆ, ಅಲ್ಲಿ ನಿಮ್ಮ ಒಂದು ಮಾತು ಜೀವ ಉಳಿಸಬಹುದು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಎಷ್ಟು ನಿಮಿಷ ಎಂದು ಗಡಿಯಾರ ನೋಡಿ.

ಚುನಾವಣೆಯ ಡ್ರೈ ಡೇ ನೆನಪಿರಲಿ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಅಂಗಡಿ ಮುಚ್ಚಿರುತ್ತದೆ. ಇನ್ನೂ ಬಿಡದವರು ಆಗ ಬೇಡದೆಯೂ ಬಿಟ್ಟಂತಾಗಿ, ಫಿಟ್ಸ್ ಬರುವುದುಂಟು.

ಮಾತ್ರೆಯ ವಿಷಯದಲ್ಲಿ ಕೋಚ್‌ಗೆ ತಿಳಿದಿರಲೇಬೇಕಾದದ್ದು ಡೈಸಲ್ಫಿರಾಮ್, ಮತ್ತೆ ಕುಡಿಯದಿರಲೆಂದು ಡಾಕ್ಟರು ಕೊಡುವ ಮಾತ್ರೆ. ಇದನ್ನು ತೆಗೆದುಕೊಳ್ಳುತ್ತಿರುವವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಸಾವೂ ಬರಬಹುದು. ಮಾತ್ರೆ ನಿಲ್ಲಿಸಿ 14 ದಿನದವರೆಗೂ ಈ ಅಪಾಯ ಇರುತ್ತದೆ. ಆದ್ದರಿಂದ ಸಾರಿನಲ್ಲೋ ಕಾಫಿಯಲ್ಲೋ ಗೊತ್ತಾಗದಂತೆ ಬೆರೆಸಿ ಕೊಡುವುದು ಕೊಲೆಯಷ್ಟೇ ಅಪಾಯ. ಮನೆಯವರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ, ಬೈಯದೆ, ಆದರೆ ಸ್ಪಷ್ಟವಾಗಿ ತಡೆಯಿರಿ. ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್ ಕೂಡ ಈ ಮಾತ್ರೆಯೊಂದಿಗೆ ಆಗದು. ಇನ್ನೊಂದು ವಿಷಯ ನಿದ್ದೆ. ಬಿಟ್ಟ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿದ್ದೆ ಸರಿ ಇರುವುದಿಲ್ಲ. ಮೆಡಿಕಲ್ ಶಾಪ್‌ನಿಂದ ನಿದ್ದೆ ಮಾತ್ರೆ ತಾವೇ ತಂದುಕೊಂಡರೆ ಒಂದು ಚಟ ಹೋಗಿ ಇನ್ನೊಂದು ಬರುತ್ತದೆ.

ಇನ್ನು ದಿನಚರಿ. ಒಂದು ಹಾಳೆ ತೆಗೆದುಕೊಂಡು ಸೋಮವಾರದಿಂದ ಭಾನುವಾರದವರೆಗೆ ಗೆರೆ ಎಳೆಯಿರಿ. ಮೊದಲು ಕುಡಿಯುತ್ತಿದ್ದ ಸಮಯಕ್ಕೆಲ್ಲ ಅವರ ಕೈಯಲ್ಲೇ ಗುರುತು ಹಾಕಿಸಿ. ಗಾರೆ ಕೆಲಸದವರೊಬ್ಬರ ಹಾಳೆ ಹೀಗಿರಬಹುದು: ಶನಿವಾರ 5:30ಕ್ಕೆ ಮೇಸ್ತ್ರಿ ಬಟವಾಡೆ ಕೊಡುತ್ತಾರೆ, 6ಕ್ಕೆ ವೈನ್ ಶಾಪ್ ಮುಂದಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯಬೇಕು, ಮಧ್ಯಾಹ್ನ ಒಂದಕ್ಕೆ ಊಟ ಮಾಡಿದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ. ಈ ಅರ್ಧ ಗಂಟೆಯೇ ಕುಡಿತದ ಬಾಗಿಲು. ಆದ್ದರಿಂದ ಬಟವಾಡೆಗೆ ಮುಂಚೆ 5 ಗಂಟೆಗೆ ಎರಡು ಬಾಳೆಹಣ್ಣು, ಒಂದು ಬನ್ನು. ಇನ್ನೊಂದು ಸ್ಟಾಪಿನವರೆಗೆ ನಡೆದು ಅಲ್ಲಿ ಬಸ್ ಹತ್ತುವುದು. 5:45ಕ್ಕೆ ನಿಮ್ಮ ಫೋನ್. ಕೂಲಿ ಯಾರ ಖಾತೆಗೆ ಹೋಗಬೇಕೆಂದು ಅವರೇ ತೀರ್ಮಾನಿಸಲಿ. ಹೆಂಡತಿಯ ಖಾತೆಗೆ ಹಾಕಿಸುತ್ತೇನೆ ಎಂದು ಅವರೇ ಹೇಳಿದರೆ ಒಳ್ಳೆಯದು. ನೀವು ಮಾತ್ರ ಅವರ ದುಡ್ಡು, ಎಟಿಎಂ ಕಾರ್ಡ್ ಇಟ್ಟುಕೊಳ್ಳಬೇಡಿ, ಸಾಲವನ್ನೂ ಕೊಡಬೇಡಿ. ದುಡ್ಡು ನಡುವೆ ಬಂದ ದಿನ ನಿಮಗೆ ನಿಜ ಹೇಳುವುದು ನಿಲ್ಲುತ್ತದೆ.

ಆಸೆ ಕೆರಳಿದಾಗ ಅದು ಬಹುಪಾಲು 20ರಿಂದ 30 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. "ಜೀವನಪೂರ್ತಿ ಕುಡಿಯಬೇಡಿ" ಎಂದರೆ ಯಾರಿಗೂ ಹೊರೆ. "ಏಳು ಗಂಟೆವರೆಗೆ ಕಾಯೋಣ" ಎಂದರೆ ಆಗಬಹುದೆನಿಸುತ್ತದೆ. ಫೋನ್ ಬಂದರೆ ನಾಲ್ಕು ಕೇಳಿ: ಹಸಿವಾಗಿದೆಯಾ, ಸಿಟ್ಟು ಬಂದಿದೆಯಾ, ಒಬ್ಬರೇ ಇದ್ದೀರಾ, ಸುಸ್ತಾಗಿದೆಯಾ? ಹಸಿವಾಗಿದ್ದರೆ ಮೊದಲು ತಿನ್ನಿಸಿ, ಮಾತು ಆಮೇಲೆ.

ಮೊದಲ ವಾರ ದಿನಕ್ಕೆರಡು ಫೋನ್, ಆ ತಿಂಗಳ ಉಳಿದ ದಿನ ಒಂದೊಂದು, ಆಮೇಲೆ ವಾರಕ್ಕೆ ಮೂರು ಮತ್ತು ಒಂದು ಮುಖಾಮುಖಿ ಭೇಟಿ. ಹೊಸದಾಗಿ ಈ ಕೆಲಸಕ್ಕೆ ಬಂದವರು ಏಕಕಾಲಕ್ಕೆ ನಾಲ್ಕೈದು ಜನರಿಗಿಂತ ಹೆಚ್ಚು ವಹಿಸಿಕೊಳ್ಳಬಾರದು. ಹತ್ತು ಜನರನ್ನು ಹಿಡಿದುಕೊಂಡು ಶನಿವಾರ 5:45ಕ್ಕೆ ಯಾರಿಗೆ ಫೋನ್ ಮಾಡುತ್ತೀರಿ?

ಕ್ಯಾಲೆಂಡರಿನಲ್ಲೂ ಗುರುತು ಬೇಕು. ಹೊಸತೊಡಕು, ಊರಹಬ್ಬ, ಬೀಗರೂಟ, ತಿಥಿ, ಸಂಬಂಧಿಕರ ಮದುವೆಯ ಹಿಂದಿನ ರಾತ್ರಿ. ಹೋಗಲೇಬೇಕಾದ ಕಡೆ ಊಟದ ಹೊತ್ತಿಗೆ ಹೋಗಿ ಊಟ ಮುಗಿಯುತ್ತಲೇ ಹೊರಡುವುದು, ವಾಪಸ್ ಬರುವ ದಾರಿ ಮೊದಲೇ ಗೊತ್ತುಮಾಡಿಕೊಳ್ಳುವುದು, ಕೈಗೆ ಗ್ಲಾಸ್ ಬಂದರೆ ಹೇಳುವ ಮಾತು ಸಿದ್ಧವಿಟ್ಟುಕೊಳ್ಳುವುದು. "ಮಾತ್ರೆ ನುಂಗ್ತಿದ್ದೀನಿ ಭಾವ, ಕುಡಿದರೆ ಆಸ್ಪತ್ರೆ ಸೇರ್ತೀನಿ" ಎಂಬುದು ಕೆಲಸ ಮಾಡುತ್ತದೆ, ಏಕೆಂದರೆ ಆ ಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ. ಇದನ್ನು ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ, ಮನಸ್ಸಿನಲ್ಲಿ ಅಂದುಕೊಂಡದ್ದು ಸಭೆಯಲ್ಲಿ ಬಾಯಿಗೆ ಬರುವುದಿಲ್ಲ.

ಮತ್ತೆ ಕುಡಿದರೆ? ಆಗುತ್ತದೆ. ಬಹಳ ಜನ ಕೋಚ್‌ಗಳು ಸೋಲುವುದು ಇಲ್ಲೇ, ಮುಖ ಕೆಡಿಸಿಕೊಂಡು "ಯಾಕೆ ಕುಡಿದ್ರಿ?" ಎನ್ನುತ್ತಾರೆ. ಅದಕ್ಕೆ ಸಿಗುವ ಉತ್ತರ ಸುಳ್ಳು ಅಥವಾ ಮೌನ. ಬದಲಿಗೆ "ನಿನ್ನೆ ಕೆಲಸ ಬಿಟ್ಟ ಮೇಲೆ ಏನೇನಾಯ್ತು ಅಣ್ಣ, ಒಂದೊಂದಾಗಿ ಹೇಳಿ" ಎನ್ನಿ. ಮೊದಲು ಆರೋಗ್ಯ ವಿಚಾರಿಸಿ: ಡೈಸಲ್ಫಿರಾಮ್ ಇತ್ತೇ, ಎಷ್ಟು ದಿನದಿಂದ ಕುಡಿಯುತ್ತಿದ್ದಾರೆ, ಸಾಯಬೇಕೆನಿಸುತ್ತಿದೆಯೇ? ಈ ಕೊನೆಯ ಪ್ರಶ್ನೆಯನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರೆದುರೇ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನಾಲ್ಕೈದು ದಿನ ಸತತ ಕುಡಿದಿದ್ದರೆ ಮನೆಯಲ್ಲೇ ನಿಲ್ಲಿಸುವ ಬದಲು ಡಾಕ್ಟರ ಹತ್ತಿರ ಹೋಗಬೇಕು. ಹೆರಾಯಿನ್ ಅಥವಾ ನೋವಿನ ಮಾತ್ರೆ ಚುಚ್ಚಿಕೊಳ್ಳುತ್ತಿದ್ದವರಾದರೆ ಎಚ್ಚರಿಕೆ ಇನ್ನೂ ಹೆಚ್ಚು: ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಡೋಸೇ ಉಸಿರು ನಿಲ್ಲಿಸಬಹುದು.

ಹೆಂಡತಿ, ತಾಯಿ ಫೋನ್ ಮಾಡಿ "ಇವತ್ತು ಕುಡಿದ್ರಾ, ನಿಮಗೆ ಹೇಳಿದ್ರಾ?" ಎಂದು ಕೇಳುತ್ತಾರೆ. ಅವರ ಸಂಕಟ ದೊಡ್ಡದು. ಆದರೂ ಪ್ರಾಣಾಪಾಯ ಇಲ್ಲದಿದ್ದರೆ ಕುಡಿತ ಬಿಟ್ಟವರು ನಿಮಗೆ ಹೇಳಿದ್ದನ್ನು ಮನೆಯವರಿಗೆ ದಾಟಿಸಬೇಡಿ. ಈ ನಿಯಮವನ್ನು ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಹೇಳಿ. ಮನೆಯವರಿಗೆ ಅಲ್-ಅನಾನ್ ಸಭೆ, ಕುಡಿತ ಬಿಟ್ಟವರಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆ, ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶಿಬಿರ ಮುಗಿಸಿದವರ ನವಜೀವನ ಸಮಿತಿ, ಯಾವುದು ಹತ್ತಿರವೋ ಅದರ ಮೊದಲ ಸಭೆಗೆ ನೀವೇ ಜೊತೆಗೆ ಹೋಗಿ. ವಿಳಾಸ ಬರೆದುಕೊಟ್ಟರೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ.

ನೀವೇ ಒಮ್ಮೆ ಕುಡಿತ ಬಿಟ್ಟವರಾಗಿದ್ದರೆ, ಅವರನ್ನು ಕರೆತರಲು ಬಾರ್ ಒಳಗೆ ಹೋಗಬೇಡಿ, ಬಾಟಲಿ ಕೈಯಲ್ಲಿ ಹಿಡಿಯಬೇಡಿ. ನಿಮ್ಮ ಸ್ವಂತ ಸಭೆಯನ್ನು ಕೆಲಸದ ನೆಪದಲ್ಲಿ ತಪ್ಪಿಸಬೇಡಿ. ಮತ್ತು ನಿಮ್ಮ ನಂಬರಿನ ಜೊತೆಗೆ ಇನ್ನೊಬ್ಬ ಕೋಚ್‌ನ ನಂಬರನ್ನೂ ಮೊದಲ ದಿನವೇ ಅವರ ಫೋನಿನಲ್ಲಿ ಸೇವ್ ಮಾಡಿಸಿ, ಒಂದು ಸಲ ಮಾತಾಡಿಸಿಬಿಡಿ. ನಿಮಗೆ ಜ್ವರ ಬಂದು ಮಲಗಿದ ಶನಿವಾರವೂ ಬಟವಾಡೆ ಇರುತ್ತದೆ.