ಬೆಲ್ಲದ ನೊರೆ ಉಣ್ಣುವ ಗೋಬರ್ ಗ್ಯಾಸ್: ನನ್ನ ಎರಡು ಹಂಗಾಮಿನ ಅನುಭವ

ಬೆಲ್ಲಕ್ಕೆಂದು ಕಬ್ಬಿನ ಹಾಲು ಕುದಿಸುವಾಗ ಮೇಲೆ ಏಳುವ ಕೊಪ್ಪರಿಗೆಯ ನೊರೆ ಹಾಕಿದರೆ ಗೋಬರ್ ಗ್ಯಾಸ್ ಕೆಡುತ್ತದೆ ಎಂದು ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಸುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಗುಂಡಿ ಅದೇ ನೊರೆ ಉಂಡು ಒಂದು ಹಂಗಾಮು ಪೂರ್ತಿ ಉರಿದಿದೆ. ನಡುರಾತ್ರಿ ಗಾಣದ ಆಳುಗಳ ಚಹಾ ಕುದಿಯುವುದು ಆ ನೀಲಿ ಜ್ವಾಲೆಯ ಮೇಲೆಯೇ.

ನಮ್ಮದು 6 ಘನ ಮೀಟರಿನ, ಗ್ಯಾಸ್ ತುಂಬಿದಂತೆ ಮೇಲೇಳುವ ತೇಲುವ ಡ್ರಮ್ಮಿನ ಸ್ಥಾವರ. ದಿನಕ್ಕೆ 150 ಕಿಲೋ ಸೆಗಣಿ ಬೇಕು. ನನ್ನ ಎಂಟು ದನಗಳಿಂದ 90 ಕಿಲೋ ಸಿಕ್ಕರೆ ಹೆಚ್ಚು. ಇತ್ತ ಗಾಣದ ಹಿಂದೆ ನೊರೆ ಸುಮ್ಮನೆ ಕೊಳೆಯುತ್ತಿತ್ತು. ಮೊದಲ ವರ್ಷ ದಿನಕ್ಕೆ 40 ಲೀಟರಿನಷ್ಟು ಸುರಿದೆ. ನಾಲ್ಕನೆಯ ದಿನ ಡ್ರಮ್ಮು ತುಂಬಿ ಮೇಲೆದ್ದಿತು. ಆದರೆ ಕಡ್ಡಿ ಗೀರಿದರೆ ಬರ್ನರ್ ಹೊತ್ತಲೇ ಇಲ್ಲ. ವಾರದೊಳಗೆ ಹುಳಿ ಮಜ್ಜಿಗೆಯ ವಾಸನೆ. ಪಕ್ಕದ ತೋಟದ ಕಾಕಾ ಬಂದು, “ಮೊದಲೇ ಹೇಳಿದ್ದೆನಲ್ಲಪ್ಪಾ” ಎಂದರು.

ಸುಣ್ಣ ಕಲಸಿ ಹೊಯ್ದೆ. ಒಂದೇ ಸಲಕ್ಕೆ ಅರ್ಧ ಚೀಲ! ಡ್ರಮ್ಮಿನಲ್ಲಿ ತುಂಬಿದ್ದ, ಉರಿಯದ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಹೀರಿಕೊಂಡಿತು, ಡ್ರಮ್ಮು ಸಂಜೆಯೊಳಗೆ ತಳ ಕಂಡಿತು. ಹುಳಿ ಅಳೆಯುವ ಪಿಎಚ್ ಕಾಗದ ಚೆನ್ನಾಗಿ 7 ತೋರಿಸುತ್ತಿತ್ತು, ಅಂದರೆ ಹುಳಿ ಹೋಗಿತ್ತು, ಉರಿಯುವ ಗ್ಯಾಸ್ ಮಾತ್ರ ಇಲ್ಲ. ಇನ್ನಷ್ಟು ಕಲಕಬೇಕೇನೋ ಎಂದು ದಿನಕ್ಕೆರಡು ಸಲ ಬಿದಿರಿನ ಗಳ ಹಾಕಿ ಕಲಕಿದೆ. ಕೊನೆಗೆ ಗುಂಡಿ ಬರಿದು ಮಾಡಿಸಿ, ಬೇರೆಯವರ ಸ್ಥಾವರದಿಂದ ಹಳೆಯ ಸ್ಲರಿ (ಸೆಗಣಿ ರಾಡಿ) ತಂದು ತುಂಬಿಸುವಷ್ಟರಲ್ಲಿ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಸೇರಿ 18 ಸಾವಿರದ ಹತ್ತಿರ ಕೈಬಿಟ್ಟಿತು.

ಕಣ್ಣು ತೆರೆಸಿದವಳು ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ಅಕ್ಕನ ಮಗಳು. “ಮಾಮಾ, ನೊರೆಯ ಸಕ್ಕರೆ ಮೊದಲು ಆಮ್ಲವಾಗುತ್ತದೆ. ಆ ಆಮ್ಲ ತಿನ್ನುವ ಜೀವಾಣು ಒಂಟಿಯಾಗಿ ಬದುಕುವುದಿಲ್ಲ. ಅದು ಬಿಟ್ಟ ಹೈಡ್ರೋಜನ್ನನ್ನು, ಉರಿಯುವ ಗ್ಯಾಸಾದ ಮೀಥೇನ್ ಮಾಡುವ ಜೀವಿಗಳು ಕೂಡಲೇ ತಿಂದು ಮುಗಿಸಬೇಕು. ಹೈಡ್ರೋಜನ್ ಖರ್ಚಾಗದೆ ಸೇರಿಕೊಂಡರೆ ಆ ಜೀವಾಣುವಿನ ಊಟವೂ ನಿಲ್ಲುತ್ತದೆ. ನೀವು ಕಲಕಿ ಕಲಕಿ ಆ ಜೋಡಿಯನ್ನೇ ಬಿಡಿಸುತ್ತಿದ್ದೀರಿ” ಎಂದಳು. ದಶಕಗಳ ಕಾಲ ಒಂದೇ ಜೀವಿ ಎಂದು ನಂಬಿದ್ದ ‘ಮೆಥನೋಬ್ಯಾಸಿಲಸ್ ಒಮೆಲಿಯಾನ್ಸ್ಕಿ’ ನಿಜಕ್ಕೂ ಜೊತೆಯಾಗಿ ಬದುಕುವ ಎರಡು ಜೀವಿಗಳು ಎಂದು 1967ರಲ್ಲಿ ವಿಜ್ಞಾನಿ ಬ್ರಯಾಂಟ್ ಮತ್ತು ಸಂಗಡಿಗರು ತೋರಿಸಿದ್ದನ್ನೂ ಅವಳೇ ಹೇಳಿದಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಸ್ಲರಿಯಲ್ಲಿ ಕೈಯಾಡಿಸಿದೆ. ಕಬ್ಬಿನ ನಾರಿಗೆ ಮೆತ್ತಿಕೊಂಡ ಸಾಸಿವೆಯಷ್ಟು ಸಣ್ಣ ಕಪ್ಪು ಗಂಟುಗಳು ಸಿಕ್ಕವು. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಹರಡುತ್ತವೆ. ಅವಳು ಹೇಳಿದ ಜೋಡಿಗಳು ಇವುಗಳಲ್ಲೇ ಇರಬಹುದೇ ಎಂದುಕೊಂಡೆ. ಎರಡು ಬಾಟಲಿಗಳಲ್ಲಿ ಹುಳಿ ಸ್ಲರಿ ತುಂಬಿ, ಒಂದಕ್ಕೆ ಗಂಟುಗಳನ್ನು ಇಡಿಯಾಗಿ, ಇನ್ನೊಂದಕ್ಕೆ ಹಿಸುಕಿ ಹಾಕಿ, ಬಾಯಿಗೆ ಬಲೂನು ಕಟ್ಟಿದೆ. ಒಂಬತ್ತು ದಿನಕ್ಕೆ ಇಡಿಯದ್ದು ತೆಂಗಿನಕಾಯಿಯಷ್ಟು ಉಬ್ಬಿತು, ಹಿಸುಕಿದ್ದು ನಿಂಬೆಹಣ್ಣಿನಷ್ಟು. ಹಿಸುಕುವಾಗ ಗಾಳಿ ತಾಗಿರಬಹುದು ಎಂದು ಅವಳು ಅನುಮಾನಿಸಿದಳು. ಸ್ಲರಿಯೊಳಗೆ ಕೈ ಮುಳುಗಿಸಿಯೇ ಹಿಸುಕಿ ಮತ್ತೆ ಮಾಡಿದೆ. ಅಂತರ ಕಡಿಮೆಯಾಯಿತು, ಅಳಿಯಲಿಲ್ಲ. ಇದ್ದಿಲನ್ನೂ ಹಾಕಿ ನೋಡಿದೆ. 600 ರೂಪಾಯಿ ಹೋಯಿತು, ನನ್ನ ಗುಂಡಿಯಲ್ಲಿ ಏನೂ ಕಾಣಲಿಲ್ಲ.

ಈಗ ಗಳ ಮುಟ್ಟುವುದು ವಾರಕ್ಕೊಮ್ಮೆ, ಮೇಲಿನ ಕೆನೆ ಒಡೆಯಲು ಮಾತ್ರ. ನೊರೆಯನ್ನು ದಿನಕ್ಕೆ ಒಂದು ಲೀಟರಿನಿಂದ ಆರಂಭಿಸಿ, ಹತ್ತಕ್ಕೆ ಏರಿಸಲು ಒಂದೂವರೆ ತಿಂಗಳು ತೆಗೆದುಕೊಂಡೆ, ಅದನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಹಂಚಿ. ಜ್ವಾಲೆ ಹಳದಿಗೆ ತಿರುಗಿದ ದಿನ ನೊರೆ ಬಂದ್, ಸೆಗಣಿ ಮಾತ್ರ. ಕಬ್ಬಿನ ಸಿಪ್ಪೆಯ ಚೀಲಗಳನ್ನು ಒಳಗೆ ಇಳಿಬಿಟ್ಟಿದ್ದೇನೆ, ಗಂಟುಗಳಿಗೆ ಮನೆಯಾಗಲೆಂದು. ಆ ಸಿಪ್ಪೆಯನ್ನು ಮೊದಲು ಯಾವುದರಲ್ಲಿ, ಎಷ್ಟು ದಿನ ನೆನೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸೆಗಣಿಯೊಂದರಿಂದ ಬರುತ್ತಿದ್ದುದಕ್ಕಿಂತ ದಿನಕ್ಕೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಜಾಸ್ತಿ ಸಿಗುತ್ತಿದೆ, ಅಂದರೆ ತಿಂಗಳಿಗೆ ಸುಮಾರು ಒಂದು ಸಿಲಿಂಡರ್. ಕಾಕಾ ಕಳೆದ ತಿಂಗಳು ನಾಲ್ಕು ಕೊಡ ಸ್ಲರಿ ಒಯ್ದಿದ್ದಾರೆ.

ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ಡನ್ನು, ಅಂದರೆ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿಯನ್ನು, ಇನ್ನೂ ಹಾಕಿಲ್ಲ. ಅದರಲ್ಲಿ ಗಂಧಕವಿರುತ್ತದೆ, ಸಲ್ಫೇಟ್ ಸಿಕ್ಕರೆ ಹೈಡ್ರೋಜನ್ನಿಗೆ ಇನ್ನೊಬ್ಬ ಗಿರಾಕಿ ಹುಟ್ಟಿಕೊಂಡು, ಮೀಥೇನಿನ ಬದಲು ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬರುತ್ತದೆ. ಮುಂದಿನ ಹಂಗಾಮಿಗೆ ಒಂದು ಬ್ಯಾರೆಲ್ಲನ್ನು ಅದಕ್ಕೆಂದೇ ಬೇರೆ ಇಟ್ಟಿದ್ದೇನೆ.